ಸಿಡಿಲು, ಲಟ್ಟಣಿಗೆ ಮತ್ತು ಒಂದು ಕರಿ ಡಬ್ಬಿ

ಸ್ಕ್ರೂಡ್ರೈವರ್ ಹುಡುಕಲು ಹೋದವನಿಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುವುದು ನಮ್ಮ ಮನೆಯ ಸ್ಟೋರ್‌ರೂಮಿನ ಪದ್ಧತಿ. ಇವತ್ತು ಮಧ್ಯಾಹ್ನವೂ ಹಾಗೇ ಆಯಿತು. ಹಳೆಯ ಸೂಟ್‌ಕೇಸನ್ನು ಎಳೆದದ್ದೇ ತಡ, ಅದರ ಹಿಂದಿನಿಂದ ಎರಡು ಆಂಟೆನಾಗಳ ಕರಿ ಡಬ್ಬಿಯೊಂದು ಜಾರಿ ನನ್ನ ಕಾಲಿನ ಮೇಲೆಯೇ ಬಿತ್ತು. ಒಂದು ಕಾಲದಲ್ಲಿ ನಮ್ಮ ಮನೆಗೆಲ್ಲ ಇಂಟರ್ನೆಟ್ ಹಂಚುತ್ತಿದ್ದ ರೌಟರ್ ಅದು. ಬೈದುಕೊಳ್ಳುತ್ತ ಎತ್ತಿ ಧೂಳು ಒರೆಸಿದರೆ ನೆತ್ತಿಯ ಮೇಲೆ ಕುಂಕುಮದ ಬೊಟ್ಟು! ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಅಳಿಸಿಲ್ಲ. ಸಿಂಗಪುರದಲ್ಲಿ ಕುಂಕುಮ ಇಟ್ಟುಕೊಂಡ ರೌಟರ್ ಇನ್ನೊಂದಿದೆಯೋ ಇಲ್ಲವೋ ನಾನರಿಯೆ. ಇದರ ಮೇಲೆ ಹರಿಹಾಯ್ದಷ್ಟು ನಾನು ಯಾವ ಮನುಷ್ಯನ ಮೇಲೂ ಹರಿಹಾಯ್ದಿಲ್ಲ ಎಂಬುದು ಮಾತ್ರ ಸತ್ಯ.

ಈಗಿನವರಿಗೆ ಈ ರಗಳೆ ಅರ್ಥವಾಗುವುದಿಲ್ಲ. ಫೋನು ಎತ್ತುತ್ತಾರೆ, ಮುಖ ಬರುತ್ತದೆ, ಮಾತಾಡುತ್ತಾರೆ. ಮುಖ ಬರುವುದು ಅರೆಕ್ಷಣ ತಡವಾದರೆ ಅದಕ್ಕೂ ಗೊಣಗುತ್ತಾರೆ. ನಾನು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಮಾತು. ವಾರಕ್ಕೊಂದು ಹೊಸ ಕನ್ನಡ ಸಂಸಾರ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದೆಯೇನೋ ಎನ್ನಿಸುತ್ತಿದ್ದ ಕಾಲ. ನಾನು ಜುರಾಂಗ್ ಐಲ್ಯಾಂಡಿನ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಇಂಜಿನಿಯರು. ದಿನವಿಡೀ ದೊಡ್ಡ ದೊಡ್ಡ ವಾಲ್ವುಗಳನ್ನು ಕೂತಲ್ಲಿಂದಲೇ ತೆಗೆದು ಮುಚ್ಚುತ್ತಿದ್ದವನಿಗೆ ಮನೆಯ ಡಬ್ಬಿಯಲ್ಲಿ ಒಂದು ಬಾಗಿಲು ತೆಗೆಯಲಾಗಲಿಲ್ಲ ನೋಡಿ, ಅದೇ ಈ ಕಥೆ.

ನಮಗೆ ಮಗಳು ಹುಟ್ಟಿದಳು. ನನ್ನ ಹೆಂಡತಿ ಶೈಲಾಳ ತಾಯಿಗೆ ಮಂಡಿ ನೋವು, ಹಾಗಾಗಿ ಬಾಣಂತನಕ್ಕೆ ಮೈಸೂರಿನಿಂದ ನಮ್ಮಮ್ಮನೇ ಬಂದಳು. ಜೊತೆಗೆ ನಮ್ಮಕ್ಕನೂ ಬರಬೇಕಿತ್ತು. ಪಾಸ್‌ಪೋರ್ಟ್ ಸಮಯಕ್ಕೆ ಸಿಗದೆ ಅವಳ ಪಯಣ ನಿಂತಿತು. ಅಕ್ಕ ಅಲ್ಲಿನ ಹೈಸ್ಕೂಲಿನಲ್ಲಿ ಟೀಚರು. ಮದುವೆಯಾದವಳಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮ್ಮಲ್ಲಿ ತೊಟ್ಟಿಲ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಅವಳ ಬಾಯಿಂದ ಹೆಸರು ಕೇಳುವ ಮಗು ಇದೊಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಹೆಸರು ಏನು ಅಂತ ಫೋನಲ್ಲೇ ಹೇಳ್ಬಿಡಕ್ಕ, ಇಲ್ಲಿ ರಿಜಿಸ್ಟರ್ ಮಾಡಿಸ್ಬೇಕು" ಎಂದೆ.

"ಮುಖ ನೋಡ್ದೆ ಹೆಂಗೋ ಹೆಸರಿಡ್ಲಿ?"

"ಫೋಟೋ ಮೇಲ್ ಮಾಡ್ತೀನಿ."

"ಫೋಟೋಗೆ ಹೆಸರಿಡೋಕೆ ನಾನೇನು ಸ್ಟುಡಿಯೋ ಇಟ್ಕೊಂಡಿದೀನಾ? ಮಗು ತೊಟ್ಟಿಲಲ್ಲಿ ಮಲಗಿರೋದನ್ನ ಕಣ್ಣಾರೆ ನೋಡ್ಬೇಕು. ಆಮೇಲೆ ಕಿವೀಲಿ ಹೇಳ್ತೀನಿ. ಕಂಪ್ಯೂಟರಲ್ಲಿ ತೋರಿಸ್ಬೋದಂತಲ್ಲ, ನೀನು ಇಂಜಿನಿಯರ್ ತಾನೆ?"

ಈ ಕೊನೆಯ ಮಾತಿಗೆ ಲೋಕದ ಯಾವ ಇಂಜಿನಿಯರೂ ಇಲ್ಲವೆಂದಿಲ್ಲ. ಆಗಲಿ ಎಂದೆ.

ಮುಖ ತೋರಿಸುವ ಸಾಫ್ಟ್‌ವೇರುಗಳು ಆಗಲೂ ಇದ್ದವು. ಆದರೆ ಅಕ್ಕನ ಮನೆಯ ಪಕ್ಕದ ಸೈಬರ್ ಸೆಂಟರಿನವನು ಕಾಲೇಜು ಹುಡುಗರ ಕಾಟಕ್ಕೆ ರೋಸಿಹೋಗಿ, 'ಚಾಟಿಂಗ್ ನಿಷೇಧಿಸಿದೆ' ಎಂದು ಬೋರ್ಡು ಬರೆಸಿ ಅವನ್ನೆಲ್ಲ ಕಿತ್ತುಹಾಕಿದ್ದ. ಅಲ್ಲಿ ಬರೀ ವೆಬ್ ಪೇಜು ನೋಡಬಹುದಿತ್ತು. ಅವನು ಅಕ್ಕನ ಹಳೆಯ ವಿದ್ಯಾರ್ಥಿ. "ನಿಮಗೋಸ್ಕರ ಒಂದು ದಿನ ಹಾಕ್ಕೊಡ್ತೀನಿ ಮೇಡಂ" ಎಂದು ಅವನಾಗಿಯೇ ಹೇಳಿದರೆ ನಮ್ಮಕ್ಕ, "ನನಗೋಸ್ಕರ ರೂಲ್ಸ್ ಮುರೀಬೇಡಪ್ಪ" ಎಂದು ಬೆನ್ನು ತಟ್ಟಿ ಬಂದಳಂತೆ! ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೈಸೂರಿನಲ್ಲಿ ಇನ್ನೊಂದು ಸೈಬರ್ ಸೆಂಟರ್ ಇಲ್ಲವೇ ಎಂದರೆ, ಗುರುತಿಲ್ಲದ ಕಡೆ ಹೋಗಿ ಮಗು ನೋಡಲಾರೆ ಎಂದಳು.

ಅಲ್ಲಿಗೆ ಉಳಿದದ್ದು ಒಂದೇ ದಾರಿ. ನಮ್ಮ ಮನೆಯ ಕಂಪ್ಯೂಟರಿಗೆ ಕ್ಯಾಮೆರಾ ಸಿಕ್ಕಿಸಿ, ಅದು ಕಂಡದ್ದನ್ನೆಲ್ಲ ಒಂದು ವೆಬ್ ಪೇಜಿನಲ್ಲಿ ತೋರಿಸುವುದು. ಅಕ್ಕ ಅಲ್ಲಿಂದ ನಮ್ಮ ಮನೆಯ ಇಂಟರ್ನೆಟ್ ವಿಳಾಸವನ್ನು ಟೈಪ್ ಮಾಡಿದರೆ ಚಿತ್ರ ಬರಬೇಕು. ಇದರಲ್ಲಿ ತೊಡಕೇನೆಂದರೆ, ಮನೆಯೊಳಗಿನ ಇಂಟರ್ನೆಟ್ಟು ಹಳೆಯ ವಠಾರವಿದ್ದಂತೆ. ಒಳಗೆ ಎಷ್ಟು ಬಿಡಾರವಿದ್ದರೂ ಬೀದಿಗೆ ಒಂದೇ ಬಾಗಿಲು. ಒಳಗಿನವರು ಹೊರಗೆ ಹೋಗಿಬರಲು ಅಡ್ಡಿಯಿಲ್ಲ. ಹೊರಗಿನವರು ಬಂದು ಬಾಗಿಲು ತಟ್ಟಿದರೆ ರೌಟರ್ ಎಂಬ ಕಾವಲುಗಾರ, ಯಾರು, ಯಾವ ಬಿಡಾರಕ್ಕೆ ಎಂದು ತಿಳಿಯದೆ ಅಟ್ಟಿಬಿಡುತ್ತಾನೆ. 'ಇಂಥ ನಂಬರು ಹೇಳಿಕೊಂಡು ಬಂದವರನ್ನು ಮೂಲೆಯ ಕಂಪ್ಯೂಟರಿನ ಬಳಿ ಕಳಿಸು' ಎಂದು ಅವನಿಗೆ ಮೊದಲೇ ಹೇಳಿಡಬೇಕು. ಪೋರ್ಟ್ ಫಾರ್ವರ್ಡಿಂಗ್ ಎನ್ನುವುದು ಇದಕ್ಕೇ.

ಹೇಳಿದೆ. ಕೇಳಲಿಲ್ಲ. ಮನೆಯೊಳಗೆ ಕೂತು ನೋಡಿದರೆ ತೊಟ್ಟಿಲ ಜಾಗ, ಅದರಾಚೆ ಗೋಡೆಯ ಸ್ವಿಚ್ಚುಗಳು, ಅಡುಗೆಮನೆ, ಎಲ್ಲ ಚೆನ್ನಾಗಿ ಕಾಣುತ್ತದೆ. ಆಫೀಸಿನಿಂದ ನೋಡಿದರೆ ಬಿಳಿ ಪುಟ. ಒನ್-ನಾರ್ತ್ ಎಂಬ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಸ್ನೇಹಿತ ಗುರುಪ್ರಸಾದನನ್ನು ಕೇಳಿದೆ. ಕಂಪ್ಯೂಟರಿನ ವಿಷಯದಲ್ಲಿ ಅವನು ತನ್ನನ್ನು ತಾನೇ ಡಾಕ್ಟರಾಗಿ ನೇಮಿಸಿಕೊಂಡಿದ್ದ. "ಫೈರ್‌ವಾಲ್ ಬ್ಲಾಕ್ ಮಾಡ್ತಿದೆ ಸರ್, ಅಲೋ ಮಾಡಿ" ಎಂದ. ಮಾಡಿದೆ. ಬರಲಿಲ್ಲ. "ಆಂಟಿವೈರಸ್‌ದೂ ಒಂದು ಫೈರ್‌ವಾಲ್ ಇರತ್ತಲ್ಲ ಸರ್!" ಎಂದ, ನಾನು ಹುಟ್ಟಿದಾಗಿನಿಂದ ತಿಳಿದಿರಬೇಕಾದ ಸಂಗತಿಯೆಂಬಂತೆ. ಅದಕ್ಕೂ ಅಪ್ಪಣೆ ಕೊಟ್ಟೆ. ಬರಲಿಲ್ಲ. "ಎಲ್ಲರೂ ಬಳಸೋ ಪೋರ್ಟ್ ನಂಬರನ್ನ ಇಂಟರ್ನೆಟ್ ಕಂಪನಿಯವರೇ ಮುಚ್ಚಿರ್ತಾರೆ, ಬೇರೆ ಹಾಕಿ ನೋಡಿ." ಇದನ್ನು ಮೊದಲೇ ಬೊಗಳಬಾರದಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಬೇರೆ ಹಾಕಿದೆ.

"ಬಂತು ಬಂತು! ಆಂಟಿ ಕಾಣಿಸ್ತಿದಾರೆ ಸರ್, ಒಗ್ಗರಣೆ ಹಾಕ್ತಿದಾರೆ!" ಎಂದು ಗುರುಪ್ರಸಾದ ಫೋನಿನಲ್ಲಿ ಕೂಗಿದಾಗ ನಾನು ಕುಣಿಯುವುದೊಂದು ಬಾಕಿ.

ಅಕ್ಕನಿಗೆ ಫೋನು ಮಾಡಿ ವಿಳಾಸದ ಅಂಕಿಗಳನ್ನು ಚುಕ್ಕಿ ಸಮೇತ ಬರೆಸಿದೆ. ಮರುದಿನ ಶಾಲೆ ಬಿಟ್ಟಮೇಲೆ ಅವಳು ಸೈಬರಿಗೆ ಹೋದಳು.

"ಏನೂ ಬರಲ್ಲ ಕಣೋ. ಬೆಳ್ಳಗಿದೆ."

ಮನೆಗೆ ಬಂದು ನೋಡುತ್ತೇನೆ, ಹೊರಗಿನ ವಿಳಾಸವೇ ಬದಲಾಗಿದೆ! ವಠಾರ ಅಲ್ಲೇ ಇದೆ, ಬೀದಿ ಬಾಗಿಲ ನಂಬರು ಬೇರೆ. ಹೊಸದನ್ನು ಬರೆಸಿದೆ. ಮಾರನೆಯ ಸಂಜೆ ಮತ್ತೆ ಬೆಳ್ಳಗೆ. ಮತ್ತೆ ಹೊಸ ನಂಬರು. ವಿಳಾಸ ಬದಲಾದರೂ ಹಿಂಬಾಲಿಸುವ ಉಪಾಯವೊಂದಿದೆಯಂತೆ. ಅದನ್ನು ಗುರುಪ್ರಸಾದ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಒಂದು ದಿನ ಅಕ್ಕ, "ನಿನ್ನ ಮನೆ ಡೋರ್ ನಂಬರ್ ನಿಲ್ಲೋ ಹೊತ್ತಿಗೆ ಕೂಸು ಕಾಲೇಜಿಗೆ ಹೋಗತ್ತೆ ಬಿಡು" ಎಂದು ನಕ್ಕಳು. ನಾಮಕರಣ ಹತ್ತಿರ ಬಂದಿತ್ತು. ನನಗೆ ಅಳು ಬರುವುದೊಂದೇ ಬಾಕಿ.

ಅಳುವ ಬದಲು ಇಂಟರ್ನೆಟ್ ಕಂಪನಿಯ ಹೆಲ್ಪ್‌ಲೈನಿಗೆ ಫೋನು ಮಾಡಿ ಜಗಳಕ್ಕೆ ನಿಂತೆ. ದಿನಕ್ಕೊಂದು ವಿಳಾಸ ಕೊಡಲು ನಿಮಗೇನು ಧಾಡಿ ಎಂದು ನನ್ನ ಇಂಗ್ಲಿಷಿನಲ್ಲಿ ಎಷ್ಟು ಹೇಳಬಹುದೋ ಅಷ್ಟೂ ಹೇಳಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ, "ಸರ್, ಯುವರ್ ಸೈಡ್ ರೀಸ್ಟಾರ್ಟ್ ಲಾ. ಎವ್ರಿಡೇ ಆಫ್ಟರ್‌ನೂನ್ ಆಲ್ಸೋ ರೀಸ್ಟಾರ್ಟ್" ಎಂದಳು. ಡಬ್ಬಿ ಆರಿ ಹತ್ತಿದಾಗಲೆಲ್ಲ ಹೊಸ ವಿಳಾಸ ಬರುವುದು ಸಹಜವಂತೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಮಧ್ಯಾಹ್ನ ಇರುವುದು ಒಬ್ಬ ಬಾಣಂತಿ, ಒಂದು ಕೂಸು ಮತ್ತು ನಮ್ಮ ತಾಯಿ, ನಮ್ಮ ತಾಯಿಗೆ ರೌಟರ್ ಯಾವುದು ಅಂತಲೇ ಗೊತ್ತಿಲ್ಲ ಎಂದು ಆಣೆ ಪ್ರಮಾಣ ಮಾಡಿ ಫೋನು ಕುಕ್ಕಿದೆ. ಶೈಲಾ ಒಳಗಿನಿಂದ, "ಮಗು ಎದ್ಬಿಡ್ತು ನೋಡಿ. ಜಗಳಕ್ಕೂ ಒಂದು ವಾಲ್ಯೂಮ್ ಇಲ್ವಾ ನಿಮಗೆ?" ಎಂದಳು.

ನಾಮಕರಣದ ಹಿಂದಿನ ದಿನ ಅರ್ಧ ದಿನ ರಜೆ ಹಾಕಿ, ಟ್ಯಾಂಪನೀಸಿನ ಒಂದು ಕನ್ನಡದ ಮನೆಯಿಂದ ತೊಟ್ಟಿಲು ಕೇಳಿ ತಂದೆ. ಇಲ್ಲಿಯ ಮಧ್ಯಾಹ್ನದ ಮಳೆ ನಿಮಗೆ ಗೊತ್ತಲ್ಲ, ಹೇಳದೆ ಕೇಳದೆ ಬರುತ್ತದೆ, ಬರುವಾಗ ಆಕಾಶವನ್ನೇ ಸೀಳಿಕೊಂಡು ಬರುತ್ತದೆ. ಲಿಫ್ಟಿನಿಂದ ತೊಟ್ಟಿಲು ಇಳಿಸುವಾಗ ಫಳಾರ್ ಎಂದು ಸಿಡಿಲು. ಬಾಗಿಲು ತೆಗೆದರೆ, ನಮ್ಮಮ್ಮ ಕೈಯಲ್ಲಿ ಲಟ್ಟಣಿಗೆ ಹಿಡಿದು ಹಾಲಿನ ಗೋಡೆಯುದ್ದಕ್ಕೂ ಹೊರಟಿದ್ದಾಳೆ. ಲಟ್ಟಣಿಗೆಯ ತುದಿಯಿಂದ ಟಿ.ವಿ. ಸ್ವಿಚ್ಚು ಟಕ್. ಫ್ಯಾನು ಟಕ್. ಕಂಪ್ಯೂಟರು ಟಕ್. ಮೂಲೆಯ ಕರಿ ಡಬ್ಬಿ, ಟಕ್.

"ಅಮ್ಮಾ!"

ಬೆಚ್ಚಿಬಿದ್ದು ತಿರುಗಿದಳು. "ಅಯ್ಯೋ, ಕೂಗ್ಬೇಡ್ವೋ, ಮಗು ಮಲಗಿದೆ."

"ದಿನಾ ಹಿಂಗೇ ಮಾಡ್ತೀಯಾ?"

"ದಿನಾ ಯಾಕೆ ಮಾಡ್ಲಿ? ಗುಡುಗಿದ್ರೆ ಮಾಡ್ತೀನಿ. ನಿಂತ್ಮೇಲೆ ಎಲ್ಲಾ ಹಾಕ್ಬಿಡ್ತೀನಲ್ಲ. ಇಲ್ಲಿ ದಿನಾ ಗುಡುಗಿದ್ರೆ ನಾನೇನ್ ಮಾಡ್ಲಿ?"

ಹಾಕಿಯೂ ಹಾಕುತ್ತಿದ್ದಳು! ಕರೆಂಟು ಬಂದೊಡನೆ ತಾನಾಗಿ ಎದ್ದು ಕೂರುವಂತೆ ಕಂಪ್ಯೂಟರಿಗೆ ಕಲಿಸಿಟ್ಟವನು ನಾನೇ. ಸಂಜೆ ಬರುವ ಹೊತ್ತಿಗೆ ಎಲ್ಲವೂ ಏನೂ ಆಗಿಲ್ಲವೆಂಬಂತೆ ಮಿಣಿಮಿಣಿ ಎನ್ನುತ್ತಿರುತ್ತಿತ್ತು. ನಾನು ತಲೆ ಹಿಡಿದುಕೊಂಡು ಕೂತೆ. ಇದು ಮೈಸೂರಲ್ಲ, ಈ ಕಟ್ಟಡಕ್ಕೆ ಸಿಡಿಲು ತಡೆಯುವ ಕಂಬಿ ಇದೆ, ಒಂದು ಬಲ್ಬು ಕೂಡ ಸುಡುವುದಿಲ್ಲ, ನಿನ್ನ ಮಗಳು ಅಲ್ಲಿ ದಿನಾ ಬಿಳಿ ಪುಟ ನೋಡಿ ಮನೆಗೆ ಹೋಗುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಗುಡುಗು ಬಂದ್ರೆ ನಿಮ್ಮ ಫ್ಯಾಕ್ಟರೀಲಿ ಮೇಲಿರೋ ಕೆಲಸದವರನ್ನೆಲ್ಲ ಕೆಳಗಿಳಿಸ್ತಾರೆ ಅಂತ ನೀನೇ ಹೇಳಿದ್ಯಲ್ಲೋ?"

"ಅದು ಪೆಟ್ರೋಲ್ ಮಾಡೋ ಜಾಗ ಅಮ್ಮ!"

"ಇಲ್ಲಿ ಹಸುಗೂಸಿದೆ" ಎಂದಳು ಅಮ್ಮ.

ಆದರೆ ಮಗಳು ದಿನಾ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ ವಿಷಯ ಅವಳನ್ನು ತಾಕಿತ್ತು. ಸಂಜೆ ತಾನಾಗಿಯೇ ಬಂದು, "ನಾಳೆ ಅದನ್ನ ಮುಟ್ಟಲ್ಲ ಬಿಡು" ಎಂದಳು. ಬೆಳಿಗ್ಗೆ ದೇವರಿಗೆ ಇಟ್ಟ ಮೇಲೆ ಅದೇ ಕುಂಕುಮದ ಬೆರಳಿನಿಂದ ಡಬ್ಬಿಗೂ ಒಂದು ಬೊಟ್ಟಿಟ್ಟಳು.

ತೊಟ್ಟಿಲಿಗೆ ಹೂ ಕಟ್ಟಿದ್ದಾಯಿತು. ಸ್ನೇಹಿತರ ನಾಲ್ಕಾರು ಮನೆಯವರು ಸೇರಿದ್ದರು. ಅಕ್ಕ ಸೈಬರಿನಿಂದ ಮೊಬೈಲಿನಲ್ಲಿದ್ದಳು. ನಾನು ಅಂಕಿಗಳನ್ನು ಕೊನೆಯ ಸಲ ಬರೆಸಿದೆ. ಅವಳು ಟೈಪ್ ಮಾಡುವ ಸದ್ದು ಕೇಳಿಸಿ ನಿಂತಿತು.

"ಬರ್ಲಿಲ್ವಾ ಅಕ್ಕ?"

"ಬಂತು" ಎಂದಳು. ದನಿ ಬೇರೆಯಾಗಿತ್ತು. "ನಮ್ಮಪ್ಪನ ಮೂಗು ಕಣೋ ಇವಳದು."

ಚಿತ್ರ ತಡೆತಡೆದು ಹೋಗುತ್ತಿದ್ದುದರಿಂದ ಅವಳು ಸಾವಕಾಶವಾಗಿ ನೋಡಲಿ ಎಂದು ಎಲ್ಲರೂ ಕಾದೆವು. ನೋಡಿಯಾದ ಮೇಲೆ ನಾನು ಬಗ್ಗಿ ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದೆ. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಮೋಡ ಆಗಲೇ ಹರಿಯಬೇಕೇ? ಕಿಟಕಿ ನಡುಗುವಂತೆ ಗುಡುಗಿತು. ಶೈಲಾ ಮಗುವಿನ ಎದೆಯ ಮೇಲೆ ಕೈಯಿಟ್ಟಳು. ತಲೆಯೆತ್ತಿ ನೋಡಿದರೆ ಅಮ್ಮ ಇಲ್ಲ. ಗೋಡೆಯ ಮೂಲೆಯಲ್ಲಿದ್ದಾಳೆ, ಲಟ್ಟಣಿಗೆ ಕೈಯಲ್ಲಿ, ಸ್ವಿಚ್ಚಿನ ಎದುರಿಗೆ! ನಾನೋ ಫೋನು ಹಿಡಿದು ಬಗ್ಗಿದವನು, ಅಲುಗುವಂತಿಲ್ಲ, ಕೂಗುವಂತಿಲ್ಲ.

ಕೂಗಿದವಳು ಅಕ್ಕ. ಮೈಸೂರಿನ ಪರದೆಯಲ್ಲಿ ಅವಳಿಗೂ ಅದೇ ಕಂಡಿತ್ತು. "ಅಮ್ಮಾ! ಆಫ್ ಮಾಡ್ಬೇಡಮ್ಮಾ!" ಸೋದರತ್ತೆಯಿಂದ ನನ್ನ ಮಗಳು ಕಿವಿಯಾರೆ ಕೇಳಿದ ಮೊದಲ ಮಾತು ಇದು. ಮಗು ಕಿಟಾರನೆ ಕಿರುಚಿತು.

"ನಾನು ಆಫ್ ಮಾಡೋಕೆ ನಿಂತಿಲ್ಲ ಕಣೇ" ಎಂದಳು ಅಮ್ಮ ಅಲ್ಲಿಂದಲೇ. "ಯಾರೂ ಆಫ್ ಮಾಡದಂಗೆ ನೋಡ್ಕೊಳ್ಳೋಕೆ ನಿಂತಿದೀನಿ. ನೀನು ಹೆಸರಿಡು."

ಯಾರು ಮಾಡುತ್ತಿದ್ದರು, ಅವಳನ್ನು ಬಿಟ್ಟು? ಇನ್ನೊಂದು ಕೈಯನ್ನು ಸ್ವಿಚ್ಚಿಗೆ ಅಡ್ಡ ಹಿಡಿದಿದ್ದಳು. ಗುಡುಗಿದಾಗ ಹೇಳಿಕೊಳ್ಳುವ ಆ ಹತ್ತು ಹೆಸರುಗಳನ್ನು ಕಣ್ಣು ಮುಚ್ಚಿಕೊಂಡು ಒಂದೇ ಸಮನೆ ಹೇಳುತ್ತಿದ್ದಳು. ಅಕ್ಕ ಅಲ್ಲಿಂದ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ನನಗೆ ಎರಡೂ ಅರ್ಧರ್ಧ ಕೇಳಿಸಿತು.

ಫೋನು ನನ್ನ ಕಿವಿಗಿಟ್ಟುಕೊಂಡು, "ಏನಿಟ್ಟೆ ಅಕ್ಕ?" ಎಂದೆ.

"ಅವಳನ್ನೇ ಕೇಳ್ಕೋ" ಎಂದು ಮೂಗು ಸೀಟಿಕೊಂಡು, ಆಮೇಲೆ "ಅನಘಾ" ಎಂದಳು.

"ಆಯ್ತಲ್ಲ?" ಎಂದು ಅಮ್ಮ ಕೇಳಿದಳು. ಆಯಿತು ಎಂದೆ. ಟಕ್.

ಡಬ್ಬಿಯನ್ನು ಕೈಯಲ್ಲಿ ಹಿಡಿದು ಇದನ್ನೆಲ್ಲ ನೆನೆಯುತ್ತ ಸ್ಟೋರ್‌ರೂಮಿನಿಂದ ಹೊರಗೆ ಬಂದೆ. ಅಮ್ಮ ಹೋಗಿ ವರ್ಷಗಳಾದವು. ಅನಘಾ ಹಾಲಿನಲ್ಲಿ ಕಾಲು ಚಾಚಿಕೊಂಡು ಲ್ಯಾಪ್‌ಟಾಪಿನಲ್ಲಿ ಅತ್ತೆಯ ಜೊತೆ ಹರಟುತ್ತಿದ್ದಳು. ಪೋರ್ಟೂ ಇಲ್ಲ, ಅಂಕಿಯೂ ಇಲ್ಲ. ಹೊರಗೆ ಕತ್ತಲಿಟ್ಟುಕೊಂಡು ಬಂತು, ಫಳಾರ್ ಎಂದಿತು. ನಾನು ಯಾವಾಗ ಗೋಡೆಯ ಬಳಿ ಹೋದೆನೋ ಗೊತ್ತಿಲ್ಲ.

"ಅಪ್ಪಾ, ಡೋಂಟ್ ಆಫ್ ಲಾ! ಅತ್ತೆ ಮಾತಾಡ್ತಿದಾರೆ!"

ಪರದೆಯಲ್ಲಿ ಅಕ್ಕ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು. "ಯಾರೋ ಅದು ಹಿಂದೆ? ಅಮ್ಮ ನಿಂತಂಗಿದೆಯಲ್ಲೋ..."

ನನ್ನ ಒಂದು ಕೈಯಲ್ಲಿ ಕರಿ ಡಬ್ಬಿ, ಇನ್ನೊಂದು ಕೈ ಸ್ವಿಚ್ಚಿನ ಮೇಲೆ. "ಆಫ್ ಮಾಡೋಕೆ ನಿಂತಿಲ್ಲ ಕಣೇ ಅಕ್ಕ" ಎಂದೆ.

"ಗೊತ್ತು" ಎಂದಳು ಅಕ್ಕ. "ಗುಡುಗು ನಿಲ್ಲೋವರ್ಗೂ ಅಲ್ಲೇ ನಿಂತಿರು."