ವ್ಯಾಪಾರಿ ಬಂದರು

ಗೋಡೆಯ ಮೇಲಿನ ಎರಡು ಪದಗಳಿಂದಾಗಿ ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಂಬಂಧ ಮುರಿಯುವುದರಲ್ಲಿತ್ತು. ಆ ಪದಗಳನ್ನು ಬರೆದು ಅಂಟಿಸಿದವಳು ನಾನೇ.

ಗೋಕಾಕದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಚಿತ್ರವಿದೆ. ಹದಿನೆಂಟನೇ ಶತಮಾನದ ಆರಂಭದ ತೈಲಚಿತ್ರ. (ಅಸಲಿಯಲ್ಲ, ಪ್ರಿಂಟ್. ಎಂ.ಎ. ಓದುವಾಗ ಒಂದು ಮ್ಯೂಸಿಯಂನ ಅಂಗಡಿಯಲ್ಲಿ ಕೊಂಡದ್ದು.) ಯುರೋಪಿನ ಯಾವುದೋ ಬಂದರು. ಹಾಯಿ ಮಡಚಿ ನಿಂತ ಹಡಗುಗಳು. ದಡದ ತುಂಬ ಪೀಪಾಯಿ, ಮೂಟೆ, ಕೈಯೆತ್ತಿ ಚೌಕಾಸಿ ಮಾಡುವ ಗಂಡಸರು. ಬರೆದವರು ಯಾರೆಂದು ಮ್ಯೂಸಿಯಂನವರಿಗೂ ಗೊತ್ತಿಲ್ಲ.

ಮನೆಗೆ ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. ಪ್ರತಿ ಸಲ ವಿವರಿಸುವಷ್ಟು ಮಾತುಗಾರ್ತಿ ನಾನಲ್ಲ. ಚೌಕಟ್ಟಿನ ಕೆಳಗೆ ಒಂದು ಚೀಟಿ ಅಂಟಿಸಿದೆ: ‘ವ್ಯಾಪಾರಿ ಬಂದರು. ಚಿತ್ರಕಾರ ಅಜ್ಞಾತ.’ ಟ್ರೇಡಿಂಗ್ ಹಾರ್ಬರ್‌ಗೆ ಇದಕ್ಕಿಂತ ನೇರವಾದ ಕನ್ನಡ ಉಂಟೇ? ಸಮುದ್ರವೇ ಇಲ್ಲದ ನಮ್ಮ ಕಡೆ ಅದನ್ನು ಹೇಗೆ ಓದುತ್ತಾರೆಂದು ಯೋಚಿಸಲಿಲ್ಲ.

ತುಕ್ಕಾನಟ್ಟಿಯ ನಮ್ಮ ಕಾಕಾನ ಮಗಳು ವಿದ್ಯಾ. (ಹೆಸರು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.) ಅವಳನ್ನು ನೋಡಲು ಯಮಕನಮರಡಿಯಿಂದ ಬರುವವರಿದ್ದರು. ಅವರದು ಬೆಲ್ಲದ ದಲಾಲಿ ಅಂಗಡಿ. ನಮ್ಮ ಮನೆ ಎರಡೂ ಊರಿಗೆ ನಡುವೆ, ಹಾಗಾಗಿ ಕಾರ್ಯಕ್ರಮ ನಮ್ಮಲ್ಲೇ.

ಹಿಂದಿನ ವಾರ ಫೋನಿನಲ್ಲಿ ಅವರು ಬಂಗಾರದ ಮಾತೆತ್ತಿದಾಗ ಕಾಕಾ ಸಿಟ್ಟಿಗೆದ್ದು, ನಾವು ಸಂಬಂಧಕ್ಕೆ ಕೂತಿದ್ದೇವೆ, ವ್ಯಾಪಾರಕ್ಕಲ್ಲ ಎಂದಿದ್ದರು. ಮಧ್ಯಸ್ಥರು ಹೇಗೋ ತಣ್ಣಗೆ ಮಾಡಿದ್ದರು. ಇದು ನನಗೆ ಗೊತ್ತಿರಲಿಲ್ಲ.

ಅವರು ಬರುವ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತ ವಿದ್ಯಾ ಮೆಲ್ಲಗೆ ಹೇಳಿದಳು: “ಅಕ್ಕಾ, ಇದೊಂದು ಮುರೀಬಾರ್ದ ನೋಡು.” ಹುಡುಗ ಎರಡು ಸಲ ಫೋನ್ ಮಾಡಿದ್ದನಂತೆ. ತನ್ನ ಬಗ್ಗೆ ಕಡಿಮೆ ಹೇಳಿ, ಅವಳು ಹೇಳಿದ್ದನ್ನು ಪೂರ್ತಿ ಕೇಳಿದನಂತೆ. ಹಿಡಿಸಲು ಇನ್ನೇನು ಬೇಕು?

ಅವರು ಬಂದರು. ಹುಡುಗ, ಅವನ ಅಪ್ಪ, ಸೋದರತ್ತೆ. ನೀರು ಕೊಟ್ಟಾಯಿತು, ಈ ಸಲದ ಕಬ್ಬಿನ ಮಾತಾಯಿತು. ಸೋದರತ್ತೆಯ ಕಣ್ಣು ಗೋಡೆಗೆ ಹೋಯಿತು. ಒಂದೊಂದೇ ಅಕ್ಷರ ಹಿಡಿದು ಜೋರಾಗಿ ಓದಿದರು.

“ವ್ಯಾಪಾರಿ... ಬಂದರು.”

ಕಾಕಾನ ಮುಖ ನೋಡುವಂತಿರಲಿಲ್ಲ.

“ನಾವ್ ಬರೂದ್ರಾಗ ಬೋರ್ಡ್ ಬರದ ಹಚ್ಚೀರಲ್ರಿ,” ಎಂದರು ಸೋದರತ್ತೆ. ದನಿಯಲ್ಲಿ ನಗು ಇರಲಿಲ್ಲ. ಹುಡುಗನ ಅಪ್ಪ ಚಪ್ಪಲಿ ಬಿಟ್ಟ ಕಡೆ ನೋಡಿದರು.

ನಾನು ಎದ್ದು ನಿಂತು, ಬಂದರು ಎಂದರೆ ಹಡಗು ನಿಲ್ಲುವ ಜಾಗ, ಚಿತ್ರ ಮುನ್ನೂರು ವರ್ಷದಷ್ಟು ಹಳೆಯದು ಎಂದೆಲ್ಲ ಹೇಳಿದೆ. ಅವಸರದಲ್ಲಿ ಹೇಳಿದ ಸತ್ಯ ಸುಳ್ಳಿನ ಹಾಗೇ ಕೇಳಿಸುತ್ತದೆ. ನನ್ನ ಪಾಂಡಿತ್ಯ ಕೇಳಲು ಅವರು ಬಂದಿರಲಿಲ್ಲ.

ಅಷ್ಟರಲ್ಲಿ ವಿದ್ಯಾ ಚಹಾದ ಟ್ರೇ ಹಿಡಿದು ಬಂದಳು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಟ್ರೇ ಹುಡುಗನ ಅಪ್ಪನ ಮುಂದೆ ಹಿಡಿದಳು.

“ವ್ಯಾಪಾರ ಮಾಡೂದ ಹಲ್ಕಾ ಕೆಲಸ ಏನ ಅಲ್ಲಲ್ರಿ, ಮಾವಾರ. ಆದ್ರ ಈ ಮನ್ಯಾಗ ಮಾರಾಕ ಇಟ್ಟದ್ದ ಏನೂ ಇಲ್ಲ. ಚಹಾ ತಗೋರಿ.”

(ಮಾವ ಎಂದು ಕರೆಯಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.)

ಅವರು ಅವಳನ್ನೊಮ್ಮೆ, ಕಪ್ಪನ್ನೊಮ್ಮೆ ನೋಡಿದರು. ಕಪ್ಪು ತೆಗೆದುಕೊಂಡರು. “ಖರೆ ಐತಿ,” ಎಂದರು. ಆಮೇಲೆ ಬಂಗಾರದ ಮಾತು ಅವರ ಕಡೆಯಿಂದ ಬರಲಿಲ್ಲ.

ಸೋದರತ್ತೆ ಮಾತ್ರ ಕಪ್ಪು ಹಿಡಿದೇ ಚಿತ್ರದ ಹತ್ತಿರ ಹೋದರು. ಹಡಗು, ಮೂಟೆ ಎಲ್ಲ ನೋಡಿ, ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತ ಹೆಂಗಸಿನ ಮೇಲೆ ಬೆರಳಿಟ್ಟರು. ಯಾರೀಕೆ ಎಂದರು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆಕೆಯನ್ನು ನಾನು ಸರಕಿನ ನಡುವೆ ಸರಕಿನಂತೆಯೇ ನೋಡಿದ್ದೆ.

“ಇಷ್ಟ ಮಂದಿ ಅದಾರ,” ಎಂದರು ಅವರು, “ಆಕಿನ್ನ ಒಬ್ಬರೂ ಮಾತಾಡಸವಲ್ರು.”

ಮುಂದಿನ ಸೋಮವಾರ ಕಾಕಾನಿಗೆ ಫೋನ್ ಬಂತು. ಮಾತಾಡಿದ್ದು ಸೋದರತ್ತೆಯೇ. ಕಾಕಾ ಸ್ಪೀಕರ್ ಹಾಕಿದ್ದರಂತೆ, ಮನೆಯವರೆಲ್ಲ ಕೇಳಲಿ ಎಂದು.

“ನಮಗ ಎಲ್ಲಾರಿಗೂ ಪಸಂದ ಐತ್ರಿ. ನಿಮ್ಮ ಹುಡಿಗಿ ಏನ ಅಂತಾಳ?”

ಕಾಕಾ ಅಂಗೈಯಿಂದ ಫೋನ್ ಮುಚ್ಚಿ ವಿದ್ಯಾಳ ಕಡೆ ತಿರುಗಿದರು. ಅವಳು ಹೂಂ ಎಂದಳು. ಇದಕ್ಕೂ ಮೊದಲು ಮೂರು ಕಡೆಯವರು ಬಂದು ನೋಡಿ ಹೋಗಿದ್ದರು; ಅವಳಿಗೆ ಆ ಪ್ರಶ್ನೆ ಬಂದಿದ್ದು ಇದೇ ಮೊದಲು.

ನಮ್ಮ ಹುಡುಗಿಯನ್ನು ನಾವು ಕೇಳಬೇಕೆಂದು ನಮಗೆ ಯಮಕನಮರಡಿಯವರು ಫೋನ್ ಮಾಡಿ ಹೇಳಬೇಕಿತ್ತೇ?