ನಲವತ್ತನ್ನು ತೊಂಬತ್ತೈದು ಮಾಡಿದವರು ಯಾರು?

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ವಾರದಲ್ಲಿ ಐದು ದಿನ ಹಲ್ಲು ಮಾಡುತ್ತಿದ್ದಳು. ಶನಿವಾರ ಹಾಡುಗಳಿಗೆ ಬೆಲೆ ಕಟ್ಟುತ್ತಿದ್ದಳು. ಭಾನುವಾರ ನಮ್ಮ ತಲೆಯ ಮೇಲೆ ಕುಣಿಯುತ್ತಿದ್ದಳು. ದೂರು ಹೇಳುತ್ತಿಲ್ಲ. ಅವಳು ವಾಸವಿದ್ದದ್ದೇ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ.

ಹಲ್ಲು ಮಾಡುವುದೆಂದರೆ ಕಟ್ಟಿಸಿಕೊಳ್ಳುವ ಹಲ್ಲು. ಚಪ್ಪಲಿ ಅಂಗಡಿಯೊಂದರ ಮೇಲೆ ಇದ್ದ ಉದ್ದನೆಯ ಕೋಣೆಗೆ ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ಕಳಿಸುತ್ತಿದ್ದರು. ಅತ್ತೆ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಮುದುಕರು ಬಾಯ್ತುಂಬ ನಕ್ಕರೆ ನನ್ನ ಕೈ ಹಿಂಡಿ, "ಮೇಲಿನ ಸಾಲು ನಂದು ಕಣೇ, ಕೆಳಗಿಂದು ಬೇರೆ ಯಾರ್ದೋ" ಎಂದು ಪಿಸುಗುಟ್ಟುತ್ತಿದ್ದಳು.

ಅವಳಿಗೆ ಆಗ ಐವತ್ಮೂರು. ಮದುವೆಯ ಮಾತು ಎತ್ತಿದವರಿಗೆಲ್ಲ "ನೋಡೋಣ" ಎಂದು ಹೇಳಿಯೇ ಮೂವತ್ತು ವರ್ಷ ದಾಟಿಸಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಊರು ಬಿಟ್ಟು ಹೊರಟ ಪಕ್ಕದ ಮನೆಯವರಿಂದ ಒಂದು ರೆಕಾರ್ಡ್ ಪ್ಲೇಯರ್ ಕೊಂಡಿದ್ದಳಂತೆ. ಅದರ ಮೇಲೆ ಒಂದು ರೆಕಾರ್ಡು ಹಾಗೇ ಉಳಿದುಬಿಟ್ಟಿತ್ತು. ಮುಳ್ಳು ಇಟ್ಟಳು. ಹೆಂಗಸೊಬ್ಬಳು ಎದೆ ಬಿರಿಯುವಂತೆ ಕೂಗಿದಳು, ಹಿಂದೆ ಕಹಳೆಗಳು ಎದ್ದು ನಿಂತವು. ಆ ಹಾಡು ಮುಗಿಯುವಷ್ಟರಲ್ಲಿ ಅತ್ತೆ ಪೊರಕೆಯ ಜೊತೆ ಕುಣಿಯುತ್ತಿದ್ದಳು. ಅದು ಹಲವು ಗಾಯಕರ ಹಾಡುಗಳನ್ನು ಒಟ್ಟು ಸೇರಿಸಿದ ಸೋಲ್ ಸಂಗೀತದ ಸಂಕಲನ. ಅಮೆರಿಕದ ಕಪ್ಪು ಜನರ ಚರ್ಚಿನ ಗಾನ ಬೀದಿಗಿಳಿದು, ಪ್ರೀತಿ ಮಾಡಿ, ಮೋಸ ಹೋಗಿ, ಮತ್ತೆ ಕುಣಿಯಲು ಹೊರಟರೆ ಹೇಗಿರುತ್ತದೋ ಹಾಗಿತ್ತು ಎಂದು ಅವಳು ವಿವರಿಸುತ್ತಿದ್ದಳು.

ಅಪ್ಪನಿಗೆ ಆ ಹೆಸರೇ ನಗೆಪಾಟಲು.

"ಸೋಲಿನ ಸಂಗೀತ ಅಂದ್ಯಾ? ಅದಕ್ಕೇ ಇಷ್ಟು ಅಳ್ತಾರೆ. ಗೆದ್ದೋರ ಸಂಗೀತ ಯಾವಾಗ ಹಾಕ್ತೀಯ?"

"ಸೋಲು ಅಲ್ಲ ಅಣ್ಣ, ಸೋಲ್. ಆತ್ಮ ಅಂತ ಅರ್ಥ."

"ಆತ್ಮಕ್ಕೆ ಇಷ್ಟು ಭಾರದ ಕಾಲು ಇರುತ್ತೇನೇ? ಚಾವಣಿಯ ಗಾರೆ ನನ್ನ ಚಹಾದೊಳಗೆ ಬೀಳ್ತಿದೆ!"

ಹಳೆಯ ರೆಕಾರ್ಡುಗಳ ಅಂಗಡಿ ಇದ್ದದ್ದು ಕೀಲಿ ರಿಪೇರಿಯವನಿಗೂ ಕನ್ನಡಕದ ಅಂಗಡಿಗೂ ನಡುವಿನ ಇಕ್ಕಟ್ಟಿನಲ್ಲಿ. ಅದರ ಯಜಮಾನರಿಗೆ ದೂಳು ಆಗುತ್ತಿರಲಿಲ್ಲ. ಪಾಪ, ಮಾರುತ್ತಿದ್ದದ್ದು ಮಾತ್ರ ನಲವತ್ತು ವರ್ಷದ ದೂಳನ್ನು. ಹೀಗಾಗಿ ಎಲ್ಲರ ಬಾಯಲ್ಲೂ ಅವರು ಅಕ್ಷಿ ಸಾಹುಕಾರರು. ಒಬ್ಬನೇ ಗಾಯಕನ ರೆಕಾರ್ಡು ಎಂದರೆ ಅವರಿಗೆ ಗೌರವ. ಸಂಕಲನ ಎಂದರೆ ಮೂಗು ಮುರಿಯುತ್ತಿದ್ದರು.

"ಕಲಸುಮೇಲೋಗರ ಅಮ್ಮ ಇದು. ಹತ್ತೋ ಇಪ್ಪತ್ತೋ ಬರೆದು ಬಾಗಿಲ ಹತ್ರ ಎಸೀರಿ... ಅಕ್ಷಿ!"

"ಎಸಿಯೋದಾ? ಸಾಹುಕಾರ್ರೇ, ಇದನ್ನ ನನ್ನ ಕೈಗೆ ಬಿಡಿ" ಎಂದಳು ಅತ್ತೆ. ಬಿಟ್ಟರು. ಸಂಬಳವೆಂದು ತಿಂಗಳಿಗೆ ಎರಡು ರೆಕಾರ್ಡು.

ಅವಳು ಬೆಲೆ ಕಟ್ಟುವುದನ್ನು ನೋಡುವುದೇ ಒಂದು ಸೊಗಸು. ಮೊದಲು ಕವರಿನ ಮೂಲೆಗಳನ್ನು ಮುಟ್ಟಿ ನೋಡುವಳು. ಆಮೇಲೆ ಮೂಗಿಗೆ ಹಿಡಿದು, ಮುಗ್ಗಲು ವಾಸನೆ ಇದೆಯೇ ಎಂದು ಪರೀಕ್ಷೆ. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರೂ ಎದ್ದು ಕಾಣುತ್ತಿತ್ತು. ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ. ಸಂಕಲನಗಳಲ್ಲಿ ಮೋಸ ಜಾಸ್ತಿ. ಗಾಯಕ ಚಿಕ್ಕವನಿದ್ದಾಗ ಹಾಡಿದ ಹಾಡನ್ನೇ ಹತ್ತು ವರ್ಷದ ಮೇಲೆ, ಕಂಠ ಸೋತ ಮೇಲೆ, ಅಗ್ಗದ ವಾದ್ಯಗಾರರ ಜೊತೆ ಮತ್ತೆ ಹಾಡಿಸಿ, ಕವರಿನ ಮೇಲೆ ಹಳೆಯ ಫೋಟೋ ಹಾಕಿ ಮಾರುವವರಿದ್ದರು. ಅತ್ತೆ ಅದನ್ನು ಮರುಹಾಡಿಕೆ ಎನ್ನುತ್ತಿದ್ದಳು. ಇನ್ನು ಕೆಲವರು ಒಂದು ಬದಿಗೆ ಹತ್ತು ಹಾಡು ತುರುಕಲು ಪ್ರತಿಯೊಂದರ ಬಾಲವನ್ನೂ ಕತ್ತರಿಸಿಬಿಡುತ್ತಿದ್ದರು. ಪ್ರತಿ ಹಾಡಿಗೂ ಹದಿನೈದು ಸೆಕೆಂಡು ಮುಳ್ಳು ಇಟ್ಟು, ತಲೆಯಾಡಿಸಿ, ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬೆಲೆ ಬರೆದು ಒಳಗೆ ಸಿಕ್ಕಿಸುವಳು.

ಒಂದು ಶನಿವಾರ ನಾನೂ ಜೊತೆಗಿದ್ದೆ. ಅತ್ತೆ ಹೋದ ವಾರ ನಲವತ್ತು ಎಂದು ಬರೆದಿದ್ದ ಕಿತ್ತಳೆ ಕವರಿನ ರೆಕಾರ್ಡು ಕೈಗೆ ಸಿಕ್ಕಿತು. ನಲವತ್ತನ್ನು ಯಾರೋ ನೀಟಾಗಿ ಹೊಡೆದುಹಾಕಿ ತೊಂಬತ್ತೈದು ಎಂದು ಬರೆದಿದ್ದರು. ಐದರ ಮೇಲಿನ ಗೆರೆ ಗಾಳಿಗೆ ಹಾರಿದ ಟೋಪಿಯಂತಿತ್ತು.

"ಸಾಹುಕಾರ್ರೇ, ಇದು ನಿಮ್ಮ ಕೈಬರಹನಾ?"

"ನಾನ್ಯಾಕೆ ಬರೀಲಿ? ಬೆಲೆ ಇಳಿಸಿ ಬರೆಯೋ ಕಳ್ಳರನ್ನ ನೋಡಿದೀನಿ. ಏರಿಸೋ ಕಳ್ಳನ್ನ... ಅಕ್ಷಿ! ಈ ಜನ್ಮದಲ್ಲಿ ನೋಡಿಲ್ಲ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಚೀಟಿಯ ಕೆಳಗೆ "ಯಾಕೆ?" ಎಂದು ಬರೆದು ಅಲ್ಲೇ ಇಟ್ಟಳು. ಮುಂದಿನ ಶನಿವಾರ ಉತ್ತರ ಸಿದ್ಧವಾಗಿತ್ತು. "ಎರಡನೇ ಬದಿ, ನಾಲ್ಕನೇ ಹಾಡು. ದಯವಿಟ್ಟು ಕೊನೇವರೆಗೆ ಕೇಳಿ."

ಅತ್ತೆ ಮುಳ್ಳು ಇಟ್ಟಳು. ಹದಿನೈದು ಸೆಕೆಂಡು ದಾಟಿತು. ಎರಡು ನಿಮಿಷ ದಾಟಿತು. ಬೇರೆ ಸಂಕಲನಗಳಲ್ಲಿ ಆ ಹಾಡು ಮೆಲ್ಲಗೆ ಇಳಿದು ಮಾಯವಾಗುವ ಕಡೆ ಇದರಲ್ಲಿ ನಿಲ್ಲಲೇ ಇಲ್ಲ. ವಾದ್ಯಗಳು ಒಂದೊಂದಾಗಿ ಬಿಟ್ಟುಹೋದವು, ಹಾಡುಗಾರ್ತಿ ಒಬ್ಬಳೇ ಉಳಿದಳು, ಒಂದು ಸ್ವರ ತಪ್ಪಿತು, ಅವಳು ಕಿಲಕಿಲ ನಕ್ಕುಬಿಟ್ಟಳು. ಆ ನಗು ಹಾಗೇ ರೆಕಾರ್ಡಿನಲ್ಲಿತ್ತು.

ಅತ್ತೆ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. "ಅಯ್ಯೋ, ನನ್ನ ಕಿವಿ ಹಿಂಡ್ಬೇಕು!" ಎಂದು ತನ್ನ ಕಿವಿಯನ್ನು ತಾನೇ ಹಿಂಡಿಕೊಂಡು, ಚೀಟಿಯಲ್ಲಿ ತೊಂಬತ್ತೈದನ್ನು ಹೊಡೆದು ನೂರಹತ್ತು ಮಾಡಿದಳು. ಪಕ್ಕದಲ್ಲಿ "ಒಪ್ಪಿದೆ. ನಗುವಿಗೆ ಹದಿನೈದು" ಎಂದು ಬರೆದಳು.

ಅಲ್ಲಿಂದ ಆರಂಭವಾಯಿತು ನೋಡಿ. ಆ ಅನಾಮಧೇಯರು ವಾರದ ಮಧ್ಯೆ ಯಾವಾಗಲೋ ಬರುತ್ತಿದ್ದರು, ಅತ್ತೆ ಶನಿವಾರ. ಚೀಟಿಗಳು ಸಾಲದಾದವು. ಅತ್ತೆ ದೊಡ್ಡ ಚೀಟಿ ಕತ್ತರಿಸಲು ತೊಡಗಿದಳು. "ಇದರಲ್ಲಿ ಕಹಳೆ ಎಲ್ಲಿ? ಮರುಹಾಡಿಕೆ. ಮೂವತ್ತು ಇಳಿಸಿದೀನಿ." "ಕ್ಷಮಿಸಿ, ಆವತ್ತು ನೆಗಡಿ ಇತ್ತು, ಕಿವಿ ಕಟ್ಟಿತ್ತು." "ಶುಂಠಿ ತಗೊಳ್ಳಿ." "ತಗೊಂಡೆ. ಈಗ ಎಂಬತ್ತು." ಬುಧವಾರದ ಹೊತ್ತಿಗೇ ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ವಾರ ಯಾರದೋ ಕೋರೆಹಲ್ಲನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿ, ಹಲ್ಲಿನ ಕೋಣೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದಳು.

"ಅದು ಗಂಡಸೋ ಹೆಂಗಸೋ?" ಎಂದು ನಾನು ಸಾಹುಕಾರರನ್ನು ಕೇಳಿದೆ.

"ದಿನಕ್ಕೆ ನೂರು ಜನ ಬರ್ತಾರಮ್ಮ, ನಾನು ಸೀನೋದು ನೋಡ್ಲಾ, ಅವರನ್ನ ನೋಡ್ಲಾ?"

ಆಮೇಲೆ ಬಂತು ಹಸಿರು ಕವರಿನ ಸಂಕಲನ. ಅತ್ತೆ ಮೂವತ್ತೈದು ಎಂದಳು. ಮುಂದಿನ ವಾರ ಅದು ಇನ್ನೂರಾಯಿತು. "ಹದಿನಾಲ್ಕರಲ್ಲಿ ಹನ್ನೊಂದು ಮರುಹಾಡಿಕೆ!" ಎಂದು ಅತ್ತೆ ಮತ್ತೆ ಮೂವತ್ತೈದಕ್ಕೆ ಇಳಿಸಿದಳು. "ಉಳಿದ ಮೂರು?" ಎಂಬ ಪ್ರಶ್ನೆಯೊಂದಿಗೆ ಮುನ್ನೂರೈವತ್ತಾಯಿತು. ಅತ್ತೆ ಮತ್ತೆ ಮೂವತ್ತೈದು ಮಾಡಿದಳು. ಆರುನೂರಾಯಿತು. ಕೊನೆಗೆ ಅತ್ತೆ ನಗು ತಡೆಯಲಾರದೆ ಹಳೆಯ ಚೀಟಿ ಕಿತ್ತು, ಹೊಸದರಲ್ಲಿ ದೊಡ್ಡದಾಗಿ "ಒಂದು ಸಾವಿರ" ಎಂದು ಬರೆದಳು. ಹಿಂಬದಿಯಲ್ಲಿ ಸಣ್ಣಗೆ "ನೀವೇ ತಗೊಳ್ಳಿ, ಮಹಾರಾಯರೇ."

ಅದೇ ದಿನ ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿ ಏಪ್ರನ್ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಲ್ಲಿ ರೆಕಾರ್ಡು ತೊಳೆಯುತ್ತಿದ್ದಾಗ ಹೊರಗೆ ಗಲ್ಲಾಪೆಟ್ಟಿಗೆ ಧಡಾರೆಂದಿತು.

"ಅಮ್ಮಾ, ಸಂಕಲನಕ್ಕೂ ಕಾಲ ಬಂತು! ಹಸಿರು ಕವರು ಹೋಯ್ತು, ಸಾವಿರಕ್ಕೆ! ಅಕ್ಷಿ! ಒಂದು ಮಾತು ಚೌಕಾಸಿ ಮಾಡ್ಲಿಲ್ಲ ಪುಣ್ಯಾತ್ಮ!"

ಅತ್ತೆಯ ಮುಖದ ಬಣ್ಣ ಇಳಿಯಿತು. "ಅಯ್ಯಯ್ಯೋ, ಅದು ತಮಾಷೆಗೆ ಬರೆದದ್ದು! ಯಾರು? ಎಲ್ಲಿ?"

"ಕೊಡೆ ಹಿಡಿದಿರೋ ದಪ್ಪನೆಯೋರು, ಈಗ ತಾನೇ—"

ಅತ್ತೆ ಗಲ್ಲಾಪೆಟ್ಟಿಗೆಯಿಂದ ಒಂಬೈನೂರ ಅರವತ್ತೈದನ್ನು ಎಣಿಸಿಕೊಂಡು, ಒದ್ದೆ ಏಪ್ರನ್ನಿನಲ್ಲೇ ಬೀದಿಗೆ ಹಾರಿದಳು. ಹಿಂದೆ ನಾನು. ಆದರೆ ನಮಗಿಂತ ಮುಂದೆ ಇನ್ನೊಬ್ಬರು ಓಡುತ್ತಿದ್ದರು. ಅಂಗಡಿಯ ಕೊನೆಯ ಸಾಲಿನ ಮರೆಯಿಂದ ಹೊರಟ ತೆಂಗಿನ ಮರದಷ್ಟು ಎತ್ತರದ ಗಂಡಸು. ಸೊಂಟದ ಪಟ್ಟಿಯಲ್ಲಿ ಸ್ಪ್ಯಾನರುಗಳು ಝಣಝಣ ಎನ್ನುತ್ತಿದ್ದವು. ಹಣ್ಣಿನ ಗಾಡಿ ದಾಟಿ, ಅಂಚೆಡಬ್ಬಿ ದಾಟಿ, ಬಸ್ ನಿಲ್ದಾಣದಲ್ಲಿ ಇಬ್ಬರೂ ಒಂದೇ ಉಸಿರಿಗೆ ಕೊಡೆಯವರ ಎದುರು ನಿಂತರು.

"ಸ್ವಾಮೀ, ಆ ಬೆಲೆ ಸುಳ್ಳು!" ಎಂದಳು ಅತ್ತೆ.

"ಸಾರ್, ಆ ಬೆಲೆ ಸುಳ್ಳು!" ಎಂದರು ಅವರು.

ಕೊಡೆಯವರು ರೆಕಾರ್ಡನ್ನು ಎದೆಗವಚಿಕೊಂಡರು. "ಓಹೋ, ಇದಕ್ಕೆ ಇನ್ನೂ ಜಾಸ್ತಿ ಬೆಲೆ ಇದೆ ಅಂತ ಈಗ ಗೊತ್ತಾಯ್ತೇನು? ನಾನು ಕೊಡಲ್ಲ!"

"ಜಾಸ್ತಿ ಅಲ್ಲ ಸ್ವಾಮಿ, ಕಮ್ಮಿ! ಮೂವತ್ತೈದು!"

"ಅಷ್ಟು ಕಮ್ಮಿ ಏನಲ್ಲ" ಎಂದರು ಎತ್ತರದವರು ತಡೆಯಲಾರದೆ. "ಇನ್ನೂರು ಆಗುತ್ತೆ."

"ಮೂವತ್ತೈದು!"

"ಮೂರು ಹಾಡು ಅಸಲಿ ಇವೆಯಲ್ಲ!"

ಬಸ್ಸು ಬಂತು. ಕೊಡೆಯವರು ಕೊಡೆಯನ್ನೇ ಗುರಾಣಿ ಮಾಡಿಕೊಂಡು ಹಿಂದುಹಿಂದಕ್ಕೆ ಹತ್ತಿದರು. ಬಸ್ಸು ಹೋಯಿತು. ಅತ್ತೆ ನೋಟುಗಳನ್ನು ಹಿಡಿದು ನಿಂತಲ್ಲೇ ತಿರುಗಿದಳು.

"ಹಾಗಾದ್ರೆ ಟೋಪಿ ಹಾಕಿದ ಐದು ನೀವೇನಾ?"

"ಶುಂಠಿ ತಗೊಳ್ಳಿ ಅಂದೋರು ನೀವಾ?"

ಅವಳು ನಗಲು ತೊಡಗಿದಳು. ಅವರೂ ನಕ್ಕರು. ಸಾಲದ್ದಕ್ಕೆ ನಿಲ್ದಾಣದ ಬೆಂಚಿನ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿ ಮತ್ತೆ ನಕ್ಕರು. ಅವರು ಲಿಫ್ಟ್ ರಿಪೇರಿ ಮಾಡುವವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಗೆ ಬರುತ್ತಿದ್ದರು. ಈ ಸಲ ಉತ್ತರ ನೋಡಲು ಬುಧವಾರದವರೆಗೆ ಕಾಯಲಾಗದೆ ಬಂದಿದ್ದರು.

"ಬೆಲೆ ಏರಿಸಿದ್ದು ಯಾಕೆ ಹೇಳಿ?" ಎಂದು ಅತ್ತೆ ಕೇಳಿದಳು. "ನೀವೇ ಕೊಳ್ಳೋಕೂ ತುಟ್ಟಿ ಆಗುತ್ತಲ್ಲ?"

"ನಲವತ್ತು ಅಂತ ನೋಡಿದ್ರೆ ಆ ಹೆಂಗಸಿಗೆ ಅವಮಾನ ಆದ ಹಾಗೆ ಅನ್ನಿಸ್ತು. ನಗ್ತಾಳಲ್ಲ, ಆಕೆಗೆ."

ಅತ್ತೆ ಕೈಯಲ್ಲಿದ್ದ ನೋಟುಗಳನ್ನು ಮತ್ತೆ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿದಳು.

ಕೊಡೆಯವರು ಮುಂದಿನ ಶನಿವಾರ ತಾವಾಗಿಯೇ ಬಂದರು. ಅತ್ತೆ ಆ ಹಣದ ಲಕೋಟೆ ಮುಂದಿಟ್ಟಳು. ಅವರು ಅದನ್ನು ಹಿಂದಕ್ಕೆ ತಳ್ಳಿದರು.

"ನಾನೂ ನನ್ನಾಕೆಯೂ ಇಪ್ಪತ್ತು ವರ್ಷದಿಂದ ಕುಣಿದಿರಲಿಲ್ಲ ಅಮ್ಮ. ಎರಡನೇ ಬದಿಯ ಮೊದಲನೇ ಹಾಡಿಗೆ ಆಕೆ ಅಡುಗೆಮನೆಯಿಂದ ಸೌಟು ಹಿಡ್ಕೊಂಡೇ ಬಂದಳು. ದುಡ್ಡು ಬೇಡ. ಇಂಥದೇ ಇನ್ನೊಂದು ಕೊಡಿ."

ಲಿಫ್ಟಿನವರು ಸಾಲಿನಾಚೆಯಿಂದ ಇಣುಕಿ, "ಅದೇ ಆ ಉಳಿದ ಮೂರರಲ್ಲಿ ಒಂದು!" ಎಂದು ಕೂಗಿದರು. ಅತ್ತೆ ಲಕೋಟೆಗೆ ಸಮನಾಗಿ ಒಂಬತ್ತು ಒಳ್ಳೆಯ ಸಂಕಲನ ಆರಿಸಿ ಕೊಡೆಯವರ ತೋಳು ತುಂಬಿಸಿದಳು. ಸಾಹುಕಾರರು ಅಂದಿನಿಂದ ಸಂಕಲನಗಳನ್ನು ಬಾಗಿಲ ಹತ್ತಿರದಿಂದ ಎತ್ತಿ ಕಣ್ಣಿನ ಮಟ್ಟದ ಸಾಲಿಗೆ ಏರಿಸಿದರು.

ಎಂಟು ತಿಂಗಳಿಗೆ ಅತ್ತೆ ಮೆಟ್ಟಿಲಿಳಿದು ಬಂದು ಅಪ್ಪನ ಮುಂದೆ ನಿಂತಳು.

"ಅಣ್ಣ, ನೋಡೋಣ ಅಂತಿದ್ನಲ್ಲ... ನೋಡಿದೆ."

ಅಪ್ಪ ಪೇಪರಿನ ಹಿಂದೆ ಬಹಳ ಹೊತ್ತು ಮುಖ ಮುಚ್ಚಿಕೊಂಡಿದ್ದರು. ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ಅಮ್ಮ ಆಮೇಲೆ ಹೇಳಿದಳು. ಪೇಪರು ಇಳಿಸಿದಾಗ ಕೇಳಿದ್ದು ಇಷ್ಟೇ. "ಎಷ್ಟನೇ ಮಹಡಿ ಅವರದು?"

"ಏಳು."

"ಕೆಳಗಿನ ಮನೆಯೋರಿಗೆ ಹೇಳಿದೀರಾ?"

ನೋಂದಣಿ ಕಚೇರಿಯಲ್ಲಿ ಇಬ್ಬರೂ ಸಹಿ ಮಾಡಿದ ಮರುದಿನ ಸಾಮಾನು ಸಾಗಿಸಿದೆವು. ಬಟ್ಟೆಬರೆ ಎರಡೇ ಪೆಟ್ಟಿಗೆ, ರೆಕಾರ್ಡು ಹತ್ತೊಂಬತ್ತು. ಕೊನೆಯ ನಾಲ್ಕು ಪೆಟ್ಟಿಗೆಗಳ ಜೊತೆ ಗಂಡಹೆಂಡಿರಿಬ್ಬರೂ ಲಿಫ್ಟ್ ಹತ್ತಿದರು. ಮೂರಕ್ಕೂ ನಾಲ್ಕಕ್ಕೂ ನಡುವೆ ಲಿಫ್ಟ್ ಗಕ್ಕನೆ ನಿಂತುಬಿಟ್ಟಿತು. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡಿದವರು ಒಳಗೆ, ಅವರ ಸ್ಪ್ಯಾನರುಗಳೆಲ್ಲ ನನ್ನ ಕೈಯಲ್ಲಿ, ಹೊರಗೆ.

ಅವರ ಜೊತೆ ಕೆಲಸ ಮಾಡುವವರೊಬ್ಬರಿಗೆ ಫೋನು ಮಾಡಿದೆವು. ಅವರು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಅಕ್ಕಪಕ್ಕದ ಮನೆಯವರೆಲ್ಲ ಮೆಟ್ಟಿಲ ಮೇಲೆ ಸೇರಿದ್ದರು. ಒಳಗಿನಿಂದ ಮೊದಲು ಜೋರು ಜಗಳ ಕೇಳಿತು, ಆಮೇಲೆ ನಗು, ಆಮೇಲೆ ಇಬ್ಬರೂ ಸೇರಿ ಕಹಳೆಯ ಭಾಗವನ್ನು ಬಾಯಲ್ಲೇ ನುಡಿಸುವ ಸದ್ದು. ಕೊನೆಗೂ ಬಾಗಿಲನ್ನು ಮೀಟಿ ತೆಗೆದಾಗ ಅವರಿಬ್ಬರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಸುತ್ತ ರೆಕಾರ್ಡುಗಳ ರಾಶಿ, ಅತ್ತೆಯ ಕಿವಿಯ ಮೇಲೆ ಪೆನ್ಸಿಲು. ಎರಡೆರಡು ಪ್ರತಿ ಇದ್ದವನ್ನು ಬೇರೆ ಮಾಡಿ ಬೆಲೆ ಹಾಕುತ್ತಿದ್ದರು.

ಅತ್ತೆ ತಲೆಯೆತ್ತಿ, ಬಾಗಿಲು ತೆರೆದವರನ್ನು ನೋಡಿದಳು.

"ಇಷ್ಟು ಬೇಗ ಬಂದ್ಬಿಟ್ರಾ? ಇನ್ನೊಂದು ಪೆಟ್ಟಿಗೆ ಬಾಕಿ ಇದೆ. ಒಂದರ್ಧ ಗಂಟೆ ಬಿಟ್ಟು ಬನ್ನಿ ಅಪ್ಪಾ" ಎಂದಳು.