ಸುವರ್ಣಾಳ ಕಣ್ಣಿಗೆ ನಾನು ಹಾಕಿದ ಹನಿ

ಸುವರ್ಣಾ, ನಿನ್ನ ಬಲಗಣ್ಣಿನ ನೋಟ ಹೋದದ್ದು ನೀನು ತಡ ಮಾಡಿದ್ದರಿಂದಲ್ಲ. ನನ್ನಿಂದ. ನಾನು ಹಾಕಿದ್ದು ಗುಲಾಬಿ ನೀರಲ್ಲ.

ಮೂರನೇ ಇಯತ್ತೆ ಕಲಿತವಳ ಬರಹ ಇದು. ತಪ್ಪಕ್ಷರಗಳನ್ನು ನಿನ್ನ ಮಗಳು ತಿದ್ದಿದಳು. ಓದುತ್ತ ಅಳತೊಡಗಿದಳು. ಅಳುವುದಿದ್ದರೆ ಆಮೇಲೆ ಅಳು, ಅಕ್ಷರ ತಿದ್ದು, ಮಾತು ಮಾತ್ರ ತಿದ್ದಬೇಡ ಎಂದೆ.

ಆ ವರ್ಷ ಆಲಮೇಲದ ನಮ್ಮ ಹೊಲದಲ್ಲಿ ಕಬ್ಬು ಕಡಿಯುವಾಗ ಗರಿಯೊಂದು ನಿನ್ನ ಕಣ್ಣಿಗೆ ಹೊಡೆಯಿತು. ಊರವರ ಕಣ್ಣಿನ ಕಸ ತೆಗೆಯುವವಳು ನಾನೇ — ರೆಪ್ಪೆ ಎತ್ತಿ, ನಾಲಿಗೆಯ ತುದಿಯಿಂದ ಸವರಿ, ಜೋಳದ ಹೊಟ್ಟು, ಮಣ್ಣಿನ ಹರಳು ಎಷ್ಟು ತೆಗೆದಿದ್ದೇನೋ. ನಿನ್ನದನ್ನೂ ತೆಗೆದೆ. ಮರುದಿನ ಕಣ್ಣು ಕೆಂಪಾಗಿ ನೀರಿಳಿಯತೊಡಗಿತು.

"ಅತ್ತಿ, ಸಿಂದಗಿಗೆ ಹೋಗಿ ತೋರಿಸ್ಕೊಂಡು ಬರ್ತೇನ್ರಿ," ಎಂದೆ ನೀನು.

"ಗರಿ ಹೊಡದ್ರ ಸಿಂದಗಿ ಬಸ್ ಹತ್ತಾಕಿ, ನಾಳೆ ಒಂದು ಸೀನು ಬಂದ್ರ ಮುಂಬೈಗೆ ಹೊಂಟಿಯೇನ? ನನ್ನ ಕೈ ಮ್ಯಾಲ ನಂಬಿಕಿ ಇಲ್ಲೇನ ನಿನಗ?"

ಅದು ನಿನಗೆ ನೆನಪಿದೆ. ಗೊತ್ತಿಲ್ಲದ್ದು ಮುಂದಿನದು. ನನ್ನ ಕಣ್ಣಿನ ಪೊರೆಯ ಆಪರೇಶನ್ ಆದಾಗ ಕೊಟ್ಟಿದ್ದ ಹನಿ ಉಳಿದಿತ್ತು. ಬೇರೆ ಯಾರಿಗೂ ಹಾಕಬಾರದೆಂದು ಬಿಡಿಸಿ ಹೇಳಿದ್ದರು — ನಾನೇನು ಕಿವುಡಿಯಲ್ಲ. ಅದನ್ನೇ ಗುಲಾಬಿ ನೀರು ಎಂದು ಹಾಕಿದೆ. ನೀನು ಮೇಲೆ ನೋಡುತ್ತ ಮಲಗಿದ್ದೆ, ಶೀಶೆಯನ್ನು ನೋಡಲಿಲ್ಲ. ಎರಡು ದಿನಕ್ಕೆ ಕೆಂಪು ಇಳಿಯಿತು. ನನ್ನ ಕೈಯಿಂದಲೇ ವಾಸಿಯಾಯಿತೆಂದು ಓಣಿಯ ತುಂಬ ಹೇಳಿಕೊಂಡು ಬಂದೆ. ಒಳಗೆ ಏನು ಬೆಳೆಯುತ್ತಿತ್ತೋ ನನಗೇನು ಗೊತ್ತಿತ್ತು — ಬೇಡ, ಈ ಮಾತು ಬೇಡ. ಗೊತ್ತಿಲ್ಲದವಳು ಹಾಕಬಾರದಿತ್ತು.

ವಾರ ಕಳೆದು ಕರಿಗುಡ್ಡೆಯ ಮೇಲೆ ಬಿಳಿ ಹೂ ಮೂಡಿದಾಗ ವಿಜಯಪುರಕ್ಕೆ ಹೋದೆವು. ಡಾಕ್ಟರು ಹುಣ್ಣನ್ನು ಚೂರು ಕೆರೆದು, ಯಂತ್ರದಲ್ಲಿ ನೋಡಿ, ಬೂಷ್ಟು ಎಂದರು. ಹಳಸಿದ ರೊಟ್ಟಿಯ ಮೇಲೆ ಬರುವಂಥದ್ದು. ಗರಿಯ ಜೊತೆ ಹೋಗಿ ಕಣ್ಣಲ್ಲಿ ಬೇರು ಬಿಡುತ್ತದಂತೆ. ಕಂಡ ಕಂಡ ಹನಿಗೆ ಸಾಯುವುದಿಲ್ಲವಂತೆ, ಅದಕ್ಕೆ ಅದರದೇ ಔಷಧ ಬೇಕಂತೆ.

"ಮೊದಲ ಏನರ ಹಾಕಿದ್ರೇನು? ಆಪರೇಶನ್ ಆದವರ ಹನಿ ಹಾಕಿದ್ರ ಬೂಷ್ಟಿಗೆ ಗೊಬ್ಬರ ಹಾಕಿದಂಗ."

"ಗುಲಾಬಿ ನೀರು ಅಷ್ಟರೀ," ಎಂದೆ ನೀನು.

ಅವರು ನನ್ನ ಕಡೆ ನೋಡಿದರು.

"ಹೌದ್ರಿ ಸಾಹೇಬ್ರ, ಅಷ್ಟ," ಎಂದೆ ನಾನು. ಶೀಶೆ ನನ್ನ ಟೊಂಕದಲ್ಲೇ ಇತ್ತು.

"ಭಾಳ ತಡಾ ಮಾಡೀಯವ್ವ," ಎಂದು ಅವರು ನಿನ್ನನ್ನೇ ಬೈದರು. ನೀನು ಮೊದಮೊದಲು ತಾಸಿಗೊಮ್ಮೆ, ಆಮೇಲೆ ತಿಂಗಳುಗಟ್ಟಲೆ ಔಷಧ ಹಾಕಿಕೊಂಡೆ. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಸಿಟ್ಟು ಬಂದಾಗ ನನ್ನ ಮಗ ಇವತ್ತಿಗೂ "ಹೊತ್ತಿಗೆ ಹೋಗಲಿಲ್ಲ, ಕಣ್ಣ ಕಳಕೊಂಡಿ" ಎನ್ನುತ್ತಾನೆ. ನಾನು ತಡೆದೆನೆಂದು ನೀನು ಒಂದು ದಿನವೂ ಹೇಳಲಿಲ್ಲ. ಪಕ್ಕದಲ್ಲೇ ಕುಳಿತು ನಾನು ರೊಟ್ಟಿ ಬಡಿಯುತ್ತೇನೆ.

ಮೊನ್ನೆ ಮೋರಟಗಿಯಿಂದ ಒಬ್ಬಳು ಗಂಡನ ಕೆಂಪುಗಣ್ಣು ತೋರಿಸಲು ಬಂದಳು. ನಾನು ಮುಟ್ಟುವುದಿಲ್ಲ ಎಂದೆ. ನೀನು ನಡುವೆ ಬಾಯಿ ಹಾಕಿದೆ: "ನಮ್ಮತ್ತಿ ಕೈಗುಣ ಚೊಲೋ ಐತ್ರಿ. ನಂದು ನಾನ ತಡಾ ಮಾಡಿ ಕಳಕೊಂಡೆ." ಅವರನ್ನು ಆಗಲೇ ವಿಜಯಪುರದ ಬಸ್ಸಿಗೆ ಹತ್ತಿಸಿದೆ. ಆದರೆ ನಿನ್ನ ಆ ಮಾತು — ಬೈದಿದ್ದರೆ ಜೀರ್ಣವಾಗುತ್ತಿತ್ತು.

ಇಂಡಿ ಊರಿನಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದೆ. "ಅಕ್ಕಾ, ಹೋದ ಕಣ್ಣ ಬರೂದಿಲ್ಲ. ಇದ್ದ ಮರ್ಯಾದಿ ಯಾಕ ಕಳಕೊಂತಿ?" ಎಂದಳು. ಯಾರ ಮರ್ಯಾದೆ? ಇಷ್ಟು ವರ್ಷ ನಾನು ಉಟ್ಟುಕೊಂಡು ತಿರುಗಿದ್ದು ನಿನ್ನದು.

ನಾಳೆ ಊಟಕ್ಕೆ ಕುಳಿತಾಗ ಮಗನ ಎದುರು ಹೇಳುತ್ತೇನೆ. ಆಮೇಲೆ ಓಣಿಯಲ್ಲಿ, ಕಣ್ಣು ತೋರಿಸಲು ಬಂದವರಿಗೆಲ್ಲ ಹೇಳುತ್ತೇನೆ. ಉಗುಳುವವರು ಉಗುಳಲಿ, ಬಾಗಿಲು ಹಾಕಿಕೊಂಡು ಕೂಡುವವಳಲ್ಲ ನಾನು. ನೀನು ಮಾತ್ರ "ಹೋಗ್ಲಿ ಬಿಡ್ರಿ ಅತ್ತಿ" ಎನ್ನಬೇಡ. ಎಂದರೂ ನಾನು ಬಿಡುವುದಿಲ್ಲ.